ಸಂಜೆ ಐದರ ಸ್ಲಾಟ್, ಆಮೇಲೆ ಒಂದು ಗಂಟೆಯ ಮಿಕ್ಸ್

ನಾನು ಡಿಜೆ. ಫೆಸ್ಟಿವಲ್‌ನಲ್ಲಿ ಪ್ಲೇ ಮಾಡಲು ಕರೆ ಬಂದರೆ ನಾನು ಮೊದಲು ಕೇಳುವುದು ಮೂರು ವಿಷಯ. ಎಷ್ಟು ಗಂಟೆಗೆ? ನನಗಿಂತ ಮುಂಚೆ ಯಾರು? ನನ್ನ ನಂತರ ಯಾರು? ದುಡ್ಡಿನ ಮಾತು, ಪೋಸ್ಟರ್‌ನಲ್ಲಿ ಹೆಸರು ಎಲ್ಲಿ ಬರುತ್ತದೆ ಅನ್ನೋ ಮಾತು ಆಮೇಲೆ. ಈ ಮೂರಕ್ಕೂ ಉತ್ತರ ಸಿಗುವವರೆಗೆ ನಾನು ಒಂದು ಹಾಡನ್ನೂ ಆರಿಸಲು ಕೂರುವುದಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಬೆಂಗಳೂರಿನ ಹೊರಗೆ ಒಂದು ಬಯಲಿನಲ್ಲಿ ನಡೆದ ಫೆಸ್ಟಿವಲ್‌ಗೆ ನನ್ನನ್ನು ಕರೆದಿದ್ದರು. ಎರಡನೇ ಸ್ಟೇಜ್. ಸಂಜೆ ಐದರಿಂದ ಆರೂವರೆ. ಮುಂಚೆ ಗಿಟಾರ್ ಹಿಡಿದು ಹಾಡುವ ಇಬ್ಬರ ತಂಡ. ನಂತರ ಟೆಕ್ನೋ ಪ್ಲೇ ಮಾಡುವ ಅತಿಥಿ ಡಿಜೆ. ಇಷ್ಟು ಗೊತ್ತಾದರೆ ಕೆಲಸದ ಆಕಾರ ಅರ್ಧ ಗೊತ್ತಾದ ಹಾಗೆ. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅಂದರೆ ನನ್ನ ಸೆಟ್ ಶುರುವಾಗುವಾಗ ಬಿಸಿಲು, ಮುಗಿಯುವಾಗ ಕತ್ತಲು. ಶುರುವಿನಲ್ಲಿ ಜನ ಹುಲ್ಲಿನ ಮೇಲೆ ಕೂತಿರುತ್ತಾರೆ. ಕೊನೆಗೆ ಅವರು ನಿಂತಿರಬೇಕು, ಮೈ ಬಿಸಿಯಾಗಿರಬೇಕು. ಆದರೆ ಸುಸ್ತಾಗಿರಬಾರದು. ಮುಂದಿನವರು 132 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 132 ಏಟಿನ ವೇಗದಲ್ಲಿ, ಶುರು ಮಾಡುತ್ತಾರೆ. ಅವರ ಬಾಗಿಲವರೆಗೆ ಜನರನ್ನು ಕರೆದುಕೊಂಡು ಹೋಗಿ ಬಿಡುವುದು ನನ್ನ ಕೆಲಸ.

ಸಂಜೆಯ ಸ್ಲಾಟ್ ಅಂದರೆ ಕಡಿಮೆ ದರ್ಜೆಯದು ಅಂತ ಕೆಲವರು ಅಂದುಕೊಳ್ಳುತ್ತಾರೆ. ನನಗೆ ಅದೇ ಇಷ್ಟ. ನಮ್ಮಲ್ಲಿ ಅದಕ್ಕೆ ಇನ್ನೂ ಒಂದು ಕಾರಣ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬಹರಿದಿನಗಳಿಗೆ ಅಂತ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಉಳಿದ ದಿನ ಹತ್ತಕ್ಕೆ ಮುಗಿಯಲೇಬೇಕು. ಹಾಗಾಗಿ ಬೇರೆ ದೇಶಗಳಲ್ಲಿ ಬೆಳಗಿನ ಜಾವದವರೆಗೆ ನಡೆಯುವ ಏರಿಳಿತವನ್ನು ಇಲ್ಲಿ ಮಧ್ಯಾಹ್ನದಿಂದ ಹತ್ತರೊಳಗೆ ಮುಗಿಸಬೇಕು. ಎಂಟಕ್ಕೆಲ್ಲ ಉತ್ತುಂಗ ಬಂದಿರಬೇಕು. ಸಂಜೆ ಐದರವರು ಕಾಲ ಕಳೆದರೆ ಇಡೀ ರಾತ್ರಿ ತಡವಾಗುತ್ತದೆ. ಅವರು ಆತುರ ಮಾಡಿದರೆ ಏಳಕ್ಕೇ ಜನ ಊಟದ ಕಡೆ ಹೊರಡುತ್ತಾರೆ.

ಈ ವಿಷಯ ಯೋಚಿಸುವಾಗಲೆಲ್ಲ ನನಗೆ ಯಕ್ಷಗಾನದ ಭಾಗವತರು ನೆನಪಾಗುತ್ತಾರೆ. ಇಡೀ ರಾತ್ರಿಯ ಆಟದಲ್ಲಿ ಗಡಿಯಾರ ಅವರ ಕೈಯಲ್ಲೇ. ಜನ ತಲ್ಲೀನರಾಗಿದ್ದರೆ ಒಂದು ಪದ್ಯವನ್ನು ಹಿಗ್ಗಿಸುತ್ತಾರೆ. ಬೆಳಕು ಹರಿಯುತ್ತಿದೆ ಅಂದರೆ ಸಂದರ್ಭಗಳನ್ನು ಕುಗ್ಗಿಸುತ್ತಾರೆ. ಚೆಂಡೆ ಮದ್ದಳೆಯವರಿಗೆ ಕಣ್ಣಲ್ಲೇ ಹೇಳುತ್ತಾರೆ. ಈಗ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ಬಂದಿವೆ. ಅಲ್ಲೂ ಭಾಗವತರು ಅದೇ ಕೆಲಸವನ್ನು ಇನ್ನೂ ಬಿಗಿಯಾಗಿ ಮಾಡುತ್ತಾರೆ. ಪ್ರಸಂಗ ಗೊತ್ತಿದೆ, ಕೊನೆ ಗೊತ್ತಿದೆ, ಆದರೆ ಇವತ್ತಿನ ಉದ್ದಳತೆ ಇವತ್ತೇ ನಿರ್ಧಾರ ಆಗಬೇಕು. ಫೆಸ್ಟಿವಲ್ ಸೆಟ್ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದನ್ನು ನಾನು ಅವರನ್ನು ನೋಡಿ ಕಲಿತೆ.

ಇನ್ನು ಹಾಡು ಆರಿಸುವುದು. ತೊಂಬತ್ತು ನಿಮಿಷಕ್ಕೆ ನನಗೆ ಇಪ್ಪತ್ತರಿಂದ ಇಪ್ಪತ್ನಾಲ್ಕು ಹಾಡು ಬೇಕಾಗುತ್ತದೆ. ತೆಗೆದುಕೊಂಡು ಹೋಗುವುದು ಅದರ ಮೂರು ಪಟ್ಟು. ಅದಕ್ಕಿಂತ ಜಾಸ್ತಿ ಒಯ್ಯುವುದಿಲ್ಲ. ಸಾವಿರಾರು ಹಾಡು ಇದ್ದರೆ ಸ್ಟೇಜ್ ಮೇಲೆ ಹುಡುಕುವುದೇ ಕೆಲಸ ಆಗುತ್ತದೆ. ತಲೆ ಬಗ್ಗಿಸಿ ಸ್ಕ್ರೀನ್ ನೋಡುತ್ತಾ ಇದ್ದರೆ ಎದುರಿಗಿರುವವರು ಕಾಣುವುದೇ ಇಲ್ಲ. ಎಪ್ಪತ್ತು ಹಾಡಾದರೆ ಪ್ರತಿಯೊಂದರ ಒಳಗೂ ಹೊರಗೂ ನನಗೆ ಗೊತ್ತಿರುತ್ತದೆ. ಎಲ್ಲಿ ಬೇಸ್ (ತಗ್ಗಿನ ಸದ್ದು) ನಿಲ್ಲುತ್ತದೆ, ಎಲ್ಲಿ ಬಾಯಿ (ಹಾಡುವ ದನಿ) ಶುರುವಾಗುತ್ತದೆ, ಕೊನೆಯಲ್ಲಿ ಬರೀ ತಾಳ ಎಷ್ಟು ಹೊತ್ತು ಉಳಿಯುತ್ತದೆ, ಎಲ್ಲ.

ಫೋಲ್ಡರ್‌ಗಳನ್ನು ಹೌಸ್, ಡಿಸ್ಕೋ, ಟೆಕ್ನೋ ಅಂತ ಮಾಡುವುದನ್ನು ಬಿಟ್ಟು ಬಹಳ ಕಾಲ ಆಯಿತು. ಈ ಸಲ ಮಾಡಿದ್ದು ನಾಲ್ಕು: ಬಿಸಿಲು, ಸಂಜೆ, ಕತ್ತಲು, ದಾರಿ ಬದಲು. ಮೊದಲ ಮೂರು ಹೊತ್ತಿಗೆ ತಕ್ಕವು. ನಾಲ್ಕನೆಯದರಲ್ಲಿ, ಅಂದುಕೊಂಡ ಹಾಗೆ ನಡೆಯದಿದ್ದರೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಹಾರಲು ಸಹಾಯ ಮಾಡುವ ಹಾಡುಗಳು. ಬರೀ ತಾಳವಾದ್ಯ ಇರುವವು, ರಾಗದ ಗೊಡವೆ ಇಲ್ಲದವು. ಪ್ರತಿ ಹಾಡಿನ ಕಾಮೆಂಟ್ ಜಾಗದಲ್ಲಿ ಎರಡು ಮೂರು ಪದ ಬರೆಯುತ್ತೇನೆ. 'ಬೇಸ್ ತಡ', 'ಬಾಯಿ ಜಾಸ್ತಿ', 'ಮಳೆ ಬಂದರೆ'. ಇದು ಪ್ಲೇಯರ್‌ನ ಸ್ಕ್ರೀನ್ ಮೇಲೆ ಹಾಡಿನ ಹೆಸರಿನ ಪಕ್ಕ ಕಾಣುತ್ತದೆ. ಆ ಗದ್ದಲದಲ್ಲಿ ಹಾಡಿನ ಹೆಸರಿಗಿಂತ ಈ ಪದಗಳೇ ಉಪಯೋಗಕ್ಕೆ ಬರುತ್ತವೆ.

ಈ ಸೆಟ್‌ನಲ್ಲಿ ನನ್ನ ಮನಸ್ಸಿಗೆ ಹತ್ತಿರವಾಗಿದ್ದದ್ದು ತಮಟೆ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಮಳವಳ್ಳಿ ಕಡೆಯ ಒಂದು ಊರಿನಲ್ಲಿ ತಮಟೆ ಬಾರಿಸುವ ಹಿರಿಯರೊಬ್ಬರಿದ್ದಾರೆ. ಅವರ ತಂಡದ ಬಡಿತವನ್ನು ಅವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ರೆಕಾರ್ಡ್ ಮಾಡಿಕೊಂಡಿದ್ದೆ. ಬಾರಿಸುವ ಮೊದಲು ಹುಲ್ಲು, ಕಾಗದ ಉರಿಸಿ ಚರ್ಮ ಕಾಯಿಸುತ್ತಾರೆ. ಕಾದಾಗ ಚರ್ಮ ಬಿಗಿಯುತ್ತದೆ, ಸದ್ದು ಕಣ ಕಣ ಅನ್ನುತ್ತದೆ. ತಣ್ಣಗಾದಂತೆ ಸಡಿಲವಾಗಿ ಸದ್ದು ಕೆಳಗಿಳಿಯುತ್ತದೆ. ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳ್ಳನೆ ಕಡ್ಡಿ. ದಪ್ಪ ಕೋಲು ಮುಖ್ಯ ಏಟು ಹಾಕುತ್ತದೆ. ಕಡ್ಡಿ ನಡುವಿನ ಚಟಚಟ ತುಂಬುತ್ತದೆ. ದೇವರ ಮೆರವಣಿಗೆಗೆ ಒಂದು ಏಟು, ಮದುವೆಗೆ ಇನ್ನೊಂದು, ಸಾವಿಗೆ ಮತ್ತೊಂದು. ಎಲ್ಲವನ್ನೂ ಬಾರಿಸಿ ತೋರಿಸಿದರು. ಒಂದನ್ನು ಮುಗಿಸಿ ಕೋಲು ಕೆಳಗಿಟ್ಟು ಹೇಳಿದರು: "ಇದು ಹೆಣದ ಮುಂದೆ ಬಾರ್ಸೋದು ಕಣವ್ವ. ಇದ್ನ ಕುಣಿಯೋ ಕಡೆ ಹಾಕ್ಬ್ಯಾಡ." ನಾನು "ಆಯ್ತು ತಾತ" ಅಂದೆ. ಕೇಳಲು ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಆದರೂ ಅದು ನನ್ನ ಯುಎಸ್‌ಬಿಯಲ್ಲಿ ಇಲ್ಲ, ಇರುವುದೂ ಇಲ್ಲ. ಊರಿನ ಸದ್ದನ್ನು ಸ್ಟೇಜ್‌ಗೆ ತರುವವರು ಅದನ್ನು ಮಾಡಿದವರ ಮಾತು ಕೇಳಬೇಕು. ಇದು ನನ್ನ ಮಟ್ಟಿಗೆ ಚರ್ಚೆಗೆ ಬಿಟ್ಟ ವಿಷಯ ಅಲ್ಲ.

ತಮಟೆಯೇ ಯಾಕೆ, ಡೊಳ್ಳು ಯಾಕಲ್ಲ ಅಂತ ಗೆಳೆಯರು ಕೇಳುತ್ತಾರೆ. ಡೊಳ್ಳಿನ ಸದ್ದು ಕೆಳಗೆ, ಹೊಟ್ಟೆಯಲ್ಲಿ ಬಡಿಯುವ ಜಾಗದಲ್ಲಿದೆ. ಹೌಸ್ ಹಾಡಿನ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಏಟು, ಕೂಡ ಅಲ್ಲೇ ಇದೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಒಂದನ್ನೊಂದು ನುಂಗುತ್ತವೆ. ಕಂಸಾಳೆಯ ಕಂಚಿನ ಸದ್ದು ಹೈ ಹ್ಯಾಟ್‌ನ (ಡ್ರಮ್ ಸೆಟ್‌ನ ಜೋಡಿ ತಾಳದ) ಜಾಗದಲ್ಲಿ ಕೂರುತ್ತದೆ. ತಮಟೆ ಇವೆರಡರ ನಡುವೆ ಇದೆ. ಕಿಕ್‌ಗೂ ಜಾಗ ಬಿಡುತ್ತದೆ, ಹಾಡುವ ಬಾಯಿಯನ್ನೂ ಮುಚ್ಚುವುದಿಲ್ಲ. ಡೊಳ್ಳನ್ನು ಒಂಟಿಯಾಗಿಯೇ ಬಿಡಬೇಕು, ಬೇರೆ ಎಲ್ಲ ನಿಲ್ಲಿಸಿ.

ಕಷ್ಟ ಇರುವುದು ಎಣಿಕೆಯಲ್ಲಿ. ಹೌಸ್ ಹಾಡಿನ ಒಂದೊಂದು ಏಟು ನಾಲ್ಕು ಚೂರಾಗಿ ಒಡೆಯುತ್ತದೆ. ನಾನು ಆರಿಸಿದ್ದ ಮೆರವಣಿಗೆ ತಮಟೆಯಲ್ಲಿ ಒಂದೊಂದು ಏಟು ಮೂರಾಗಿ ಒಡೆಯುತ್ತದೆ. ಮುಖ್ಯ ಏಟುಗಳನ್ನು ಒಂದರ ಮೇಲೊಂದು ಕೂರಿಸಬಹುದು. ಆದರೆ ನಡುವಿನ ಮೂರು ಮತ್ತು ನಾಲ್ಕು ಉಜ್ಜಾಡುತ್ತವೆ. ಸ್ವಲ್ಪ ಹೊತ್ತು ಆ ಉಜ್ಜಾಟ ಚೆಂದ, ಮೈ ಎಳೆಯುತ್ತದೆ. ಜಾಸ್ತಿ ಹೊತ್ತಾದರೆ ಕಾಲು ಎಲ್ಲಿ ಇಡಬೇಕು ಅಂತ ಕುಣಿಯುವವರಿಗೆ ಗೊತ್ತಾಗುವುದಿಲ್ಲ. ನಾನು ಮಾಡುವುದು ಹೀಗೆ: ಮೊದಲು ಓಡುತ್ತಿರುವ ಹಾಡಿನ ಮೇಲಿನ ಸದ್ದನ್ನು, ಅಂದರೆ ಹೈ ಹ್ಯಾಟ್ ಇರುವ ಭಾಗವನ್ನು, ಈಕ್ಯೂನಲ್ಲಿ (ಸದ್ದಿನ ಮೇಲಿನ, ನಡುವಿನ, ಕೆಳಗಿನ ಭಾಗವನ್ನು ಬೇರೆ ಬೇರೆಯಾಗಿ ಏರಿಳಿಸುವ ಗುಂಡಿಗಳಲ್ಲಿ) ಪೂರ್ತಿ ಇಳಿಸುತ್ತೇನೆ. ನಾಲ್ಕನ್ನು ಎಣಿಸುತ್ತಿದ್ದದ್ದು ಅದೇ. ಅದು ಹೋದರೆ ಉಳಿಯುವುದು ಬರೀ ಕಿಕ್. ಆ ಕಿಕ್ ಮೂರಕ್ಕೂ ಹೊಂದುತ್ತದೆ, ನಾಲ್ಕಕ್ಕೂ ಹೊಂದುತ್ತದೆ. ಅದರ ಮೇಲೆ ತಮಟೆ ಬಿಡುತ್ತೇನೆ. ಮೂವತ್ತೆರಡು ಏಟಿನವರೆಗೆ ಅದನ್ನು ಅದರ ಪಾಡಿಗೆ ಬಿಟ್ಟು, ಆಮೇಲೆ ಹೈ ಹ್ಯಾಟ್ ಅನ್ನು ಒಂಚೂರು ಒಂಚೂರಾಗಿ ವಾಪಸ್ ತರುತ್ತೇನೆ. ಆಗ ಆ ಉಜ್ಜಾಟ ಕಿವಿಗೆ ಗಲಿಬಿಲಿಯಾಗಿ ಕೇಳದೆ ಹೊಸ ಜೀವ ಬಂದ ಹಾಗೆ ಕೇಳುತ್ತದೆ.

ಇನ್ನೊಂದು ತೊಡಕು. ಮನುಷ್ಯರು ಬಾರಿಸಿದ್ದು ಒಂದೇ ವೇಗದಲ್ಲಿ ಇರುವುದಿಲ್ಲ. ಹುರುಪು ಬಂದ ಹಾಗೆ 108ರಲ್ಲಿ ಶುರುವಾದದ್ದು 118 ದಾಟುತ್ತದೆ. ಕಂಪ್ಯೂಟರ್‌ನಲ್ಲಿ ಪ್ರತಿ ಏಟನ್ನೂ ಹಿಡಿದು ಗೆರೆಗೆ ಕೂರಿಸಬಹುದು. ಹಾಗೆ ಮಾಡಿ ಕೇಳಿದರೆ ತಮಟೆ ಸತ್ತೇ ಹೋಗುತ್ತದೆ. ಕಡ್ಡಿಯ ಏಟು ಒಂದು ಕೂದಲೆಳೆ ಮುಂಚೆ ಬೀಳುವುದರಲ್ಲೇ ಅದರ ಸೊಗಸು ಇರುವುದು. ಅದಕ್ಕೆ ನಾನು ನಾಲ್ಕು ಮುಖ್ಯ ಏಟಿಗೆ ಒಮ್ಮೆ, ಮೊದಲನೆಯದನ್ನು ಮಾತ್ರ ಗೆರೆಗೆ ಕಟ್ಟುತ್ತೇನೆ. ನಡುವಿನದ್ದನ್ನು ಮುಟ್ಟುವುದಿಲ್ಲ. ಇದಕ್ಕೆ ತುಂಬ ಸಮಯ ಹಿಡಿಯುತ್ತದೆ. ಇಡೀ ಸೆಟ್‌ನ ತಯಾರಿಯಲ್ಲಿ ಅರ್ಧ ಸಮಯ ಇದಕ್ಕೇ ಹೋಯಿತು ಅಂದರೂ ನಡೆಯುತ್ತದೆ.

ಉಳಿದ ತಯಾರಿ ಎಲ್ಲ ಡಿಜೆಗಳಿಗೂ ಗೊತ್ತಿರುವುದೇ. ಒಂದೇ ರೀತಿಯ ಎರಡು ಯುಎಸ್‌ಬಿ, ಎರಡೂ ಫ್ಯಾಟ್32 ಫಾರ್ಮ್ಯಾಟ್. ಹಳೆಯ ಪ್ಲೇಯರ್ ಸಿಕ್ಕರೂ ಓದಬೇಕಲ್ಲ. ಹಾಡು ಜೋಡಿಸುವ ರೆಕಾರ್ಡ್‌ಬಾಕ್ಸ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಹಾಡಿನ ಬೀಟ್‌ಗ್ರಿಡ್, ಅಂದರೆ ಏಟು ಎಲ್ಲಿ ಬೀಳುತ್ತದೆ ಅಂತ ತೋರಿಸುವ ಗೆರೆಗಳು, ಕಿವಿಯಿಂದಲೇ ಪರೀಕ್ಷೆ. ಹೆಡ್‌ಫೋನ್. ಕಿವಿಗೆ ಸಂಗೀತಗಾರರ ಇಯರ್‌ಪ್ಲಗ್. ಇದನ್ನು ಹೊಸಬರಿಗೆ ಒತ್ತಿ ಹೇಳುತ್ತೇನೆ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು ಅನ್ನುವ ಲೆಕ್ಕದಲ್ಲೇ 100 ಡೆಸಿಬೆಲ್‌ಗೆ ಸಿಗುವುದು ಹದಿನೈದು ನಿಮಿಷ. ನಮ್ಮ ಸೆಟ್ ಒಂದೂವರೆ ಗಂಟೆ. ಹೋದ ಕಿವಿ ಯಾವ ಆಸ್ಪತ್ರೆಗೆ ಹೋದರೂ ವಾಪಸ್ ಬರುವುದಿಲ್ಲ.

ಫೆಸ್ಟಿವಲ್ ದಿನ ಮಧ್ಯಾಹ್ನವೇ ಹೋದೆ. ಸ್ಟೇಜ್ ಮೇಲೆ ಹತ್ತುವ ಮೊದಲು ಜನ ನಿಲ್ಲುವ ಜಾಗದಲ್ಲಿ ಅಡ್ಡಾಡಿದೆ. ಹಿಂದೆ, ಎಡಕ್ಕೆ, ಬಲಕ್ಕೆ. ಬಯಲಿನಲ್ಲಿ ಸದ್ದಿಗೆ ತಾಗಲು ಗೋಡೆ ಇಲ್ಲ. ಕ್ಲಬ್‌ನಲ್ಲಿ ಗೋಡೆ ಮತ್ತು ಸೂರು ಬೇಸ್ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಇಲ್ಲಿ ಅದು ಹಾಗೇ ಹೊರಟು ಹೋಗುತ್ತದೆ. ಮಂಜು ಮಂಜಾದ, ಪ್ರತಿಧ್ವನಿ ಜಾಸ್ತಿ ಇರುವ ಹಾಡುಗಳು ತೆಳ್ಳಗೆ ಕೇಳುತ್ತವೆ. ಒಣ, ಖಚಿತ ತಾಳವಾದ್ಯ ಗಟ್ಟಿಯಾಗಿ ನಿಲ್ಲುತ್ತದೆ. ಮನೆಯಲ್ಲಿ ಬಹಳ ಇಷ್ಟಪಟ್ಟು ಇಟ್ಟಿದ್ದ ಕೆಲವು ಹಾಡುಗಳನ್ನು ಆ ನಡಿಗೆಯಲ್ಲೇ ಪಕ್ಕಕ್ಕಿಟ್ಟೆ.

ಸೌಂಡ್ ನೋಡಿಕೊಳ್ಳುತ್ತಿದ್ದ ಹುಡುಗ ಹುಬ್ಬಳ್ಳಿಯವನು. "ಅಕ್ಕಾರ, ಮಾನಿಟರ್ ಎಷ್ಟ್ ಬೇಕ್ರಿ?" ಅಂತ ಕೇಳಿದ. ಬೂತ್ ಮಾನಿಟರ್, ಅಂದರೆ ಡಿಜೆಗೆ ಕೇಳಲು ಪಕ್ಕದಲ್ಲೇ ಇಡುವ ಸ್ಪೀಕರ್, ಬಗ್ಗೆ ನಾನು ಯಾವತ್ತೂ ರಾಜಿ ಆಗುವುದಿಲ್ಲ. ಸದ್ದು ಒಂದು ಮೀಟರ್ ಸಾಗಲು ಸುಮಾರು ಮೂರು ಮಿಲಿಸೆಕೆಂಡ್ ಬೇಕು. ಮುಖ್ಯ ಸ್ಪೀಕರ್ ಹತ್ತು ಮೀಟರ್ ಆಚೆ ಇದ್ದರೆ ಅದರ ಏಟು ನನ್ನ ಕಿವಿಗೆ ಮೂವತ್ತು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಹೆಡ್‌ಫೋನಿನ ಹಾಡನ್ನು ಆ ತಡವಾದ ಸದ್ದಿಗೆ ಹೊಂದಿಸಿದರೆ ಜನರಿಗೆ ಎರಡು ಕಿಕ್ ಸೀಳಿ ಕೇಳುತ್ತದೆ. ಪಕ್ಕದಲ್ಲೇ ಇರುವ ಮಾನಿಟರ್ ಅದನ್ನು ತಪ್ಪಿಸುತ್ತದೆ. ಅವನಿಗೆ ಇದನ್ನು ಹೇಳಬೇಕಾಗಿಯೇ ಬರಲಿಲ್ಲ. ಎರಡೂ ಕಡೆ ಕಿವಿಯ ಎತ್ತರಕ್ಕೆ ಏರಿಸಿಟ್ಟು, "ಇಲ್ಲಿ ನಿಂತ ಕೇಳ್ರಿ" ಅಂದ. ಅಂಥವರು ಸಿಕ್ಕರೆ ಅರ್ಧ ಸೆಟ್ ಗೆದ್ದ ಹಾಗೆ.

ಐದಕ್ಕೆ ಶುರು ಮಾಡಿದೆ. 100 ಬಿಪಿಎಂ. ಗಿಟಾರ್ ತಂಡದ ಕೊನೆಯ ಹಾಡು ಇನ್ನೂ ಗಾಳಿಯಲ್ಲಿತ್ತು. ಅದಕ್ಕೆ ಮೊದಲ ಹಾಡಿನಲ್ಲೂ ತಂತಿವಾದ್ಯ ಇರುವುದನ್ನೇ ಹಾಕಿದೆ. ಕಿಕ್ ಬಂದದ್ದು ಎರಡು ನಿಮಿಷ ಆದ ಮೇಲೆ. ಎದುರಿಗೆ ಯಾರೂ ಇರಲಿಲ್ಲ. ಹಿಂದೆ ಹುಲ್ಲಿನ ಮೇಲೆ ಜನ ಕೂತಿದ್ದರು. ಇದು ಹೀಗೇ ಇರಬೇಕು. ಐದೂಕಾಲಿಗೆ ಜನರನ್ನು ಎಬ್ಬಿಸಲು ಹೋಗುವುದು ನನಗೆ ಸರಿ ಕಾಣುವುದಿಲ್ಲ. ನಾನು ನೋಡುವುದು ಕಾಲಿನ ಪಾದ. ಕೂತವರ ಪಾದ ತಾಳ ಹಾಕಲು ಶುರುವಾದರೆ ಸಾಕು, ಎರಡು ಬಿಪಿಎಂ ಏರಿಸುತ್ತೇನೆ. ತಲೆ ಆಡಿದರೆ ಇನ್ನೂ ಎರಡು. ಮಕ್ಕಳು ಯಾವಾಗಲೂ ಮೊದಲು ಏಳುತ್ತಾರೆ. ಅವರ ಹಿಂದೆ ಅಪ್ಪ ಅಮ್ಮ ಬರುತ್ತಾರೆ. ಅವರು ನಿಂತಿದ್ದನ್ನು ನೋಡಿ ಉಳಿದವರಿಗೆ ಧೈರ್ಯ ಬರುತ್ತದೆ.

ಐದೂಮುಕ್ಕಾಲಿಗೆ ಒಂದು ಶಾಂತವಾದ ಸೇತುವೆ ಇಟ್ಟುಕೊಂಡಿದ್ದೆ. ಸೂರ್ಯ ಮುಳುಗುವಾಗ ತಾಳ ಎಲ್ಲ ನಿಲ್ಲಿಸಿ ಬರೀ ಬಾಯಿ, ಶ್ರುತಿ. ಆದರೆ ಮುಖ್ಯ ಸ್ಟೇಜ್‌ನ ಕಾರ್ಯಕ್ರಮ ತಡವಾಗಿ ಇನ್ನೂ ನಡೆಯುತ್ತಿತ್ತು. ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ನಾನು ಸದ್ದು ಇಳಿಸಿದ ಗಳಿಗೆಯಲ್ಲಿ ಅವರ ಬೇಸ್ ನಮ್ಮ ಬಯಲಿಗೆ ಬರುತ್ತಿತ್ತು. ಮೌನ ಬೇಕಾದ ಜಾಗದಲ್ಲಿ ಬೇರೆಯವರ ಕಿಕ್ ಕೇಳಿದರೆ ಆ ಸೇತುವೆ ನಿಲ್ಲುವುದಿಲ್ಲ. 'ದಾರಿ ಬದಲು' ಫೋಲ್ಡರ್ ತೆರೆದೆ. ತುಂಬು ತಾಳವಾದ್ಯದ ಹಾಡು ಹಾಕಿದೆ. ಸಂದು ಇಲ್ಲದ್ದು, ಹೊರಗಿನ ಸದ್ದಿಗೆ ನುಸುಳಲು ಜಾಗ ಕೊಡದ್ದು. ಅದರ ಹಿಂದೆಯೇ ಇನ್ನೊಂದು. ಹತ್ತು ನಿಮಿಷದಲ್ಲಿ ಆ ಸ್ಟೇಜ್ ಮುಗಿಯಿತು. ಅಲ್ಲಿದ್ದವರು ಒಮ್ಮೆಲೇ ನಮ್ಮ ಕಡೆ ನಡೆದು ಬಂದರು. ಹೊಸದಾಗಿ ಬಂದವರಿಗೆ ಬಾಗಿಲು ಬೇಕು. ಒಳಗಿದ್ದವರಿಗೆ ಬೇಜಾರಾಗಬಾರದು. ತಮಟೆಯನ್ನು ಆಗ ಬಿಟ್ಟೆ.

ಹೈ ಹ್ಯಾಟ್ ಇಳಿಸಿದೆ, ಕಿಕ್ ಉಳಿಯಿತು, ಮೇಲೆ ತಮಟೆ ಬಂತು. 116 ಬಿಪಿಎಂ. ಅಷ್ಟೊತ್ತಿಗೆ ಲೈಟ್‌ನವರು ಮೊದಲ ಬಾರಿ ದೀಪ ಹಾಕಿದ್ದರು. ಜನರ ಕುಣಿತ ಕಣ್ಣೆದುರೇ ಬದಲಾಯಿತು. ಅಲ್ಲಿಯವರೆಗೆ ಭುಜ ಆಡಿಸುತ್ತಿದ್ದವರು ಮೊಣಕಾಲು ಬಗ್ಗಿಸಿ ಹೆಜ್ಜೆ ಹಾಕಲು ಶುರು ಮಾಡಿದರು. ಊರಹಬ್ಬ ನೋಡಿದವರು ಆ ಗುಂಪಿನಲ್ಲಿ ಯಾರು ಅಂತ ಸ್ಟೇಜ್ ಮೇಲಿಂದಲೇ ಗೊತ್ತಾಗುತ್ತಿತ್ತು. ಅವರನ್ನು ನೋಡಿ ಪಕ್ಕದವರು ಹೆಜ್ಜೆ ಕಲಿತರು. ಮೂವತ್ತೆರಡು ಏಟು ಅಂತ ಇಟ್ಟುಕೊಂಡಿದ್ದೆ. ನಾಲ್ಕು ಪಟ್ಟು ಬಿಟ್ಟೆ.

ಆಮೇಲಿನ ಇಪ್ಪತ್ತು ನಿಮಿಷ ಸಲೀಸು. 118, 121, 124. ಇಲ್ಲಿ ಒಂದು ಸಂಯಮ ಬೇಕು. ಜನ ಕೈ ಎತ್ತುತ್ತಿರುತ್ತಾರೆ. ನನ್ನ ಬಳಿ ಅವರನ್ನು ಇನ್ನೂ ಎತ್ತುವ ಹಾಡುಗಳಿರುತ್ತವೆ. ಹಾಕುವುದಿಲ್ಲ. ಅವು ಮುಂದಿನವರ ಪಾಲು. ಕೊನೆಯ ಹಾಡು 126ರದ್ದು. ಅದರ ಕೊನೆಯ ಎರಡು ನಿಮಿಷದಲ್ಲಿ ಬೇಸ್ ಇಲ್ಲ, ಸ್ವರವೂ ಇಲ್ಲ, ಬರೀ ತಾಳ. ಬೇಕಂತಲೇ ಅದನ್ನು ಆರಿಸಿದ್ದೆ. ಅತಿಥಿ ಡಿಜೆ ತಮ್ಮ ಹಾಡನ್ನು ಅದರ ಮೇಲೆ ಹೇಗೆ ಬೇಕಾದರೂ ತರಬಹುದು, ಅಥವಾ ನಿಲ್ಲಿಸಿ ಹೊಸದಾಗಿ ಶುರು ಮಾಡಬಹುದು. ಅವರು ಅದರ ಮೇಲೆಯೇ ತಂದರು. ಪ್ಲೇಯರ್‌ನಿಂದ ನನ್ನ ಯುಎಸ್‌ಬಿ ಕಿತ್ತುಕೊಳ್ಳಲು ಅವರ ಮೊದಲ ಹಾಡು ಪೂರ್ತಿ ಕೂರುವವರೆಗೆ ಕಾದೆ.

ಫೆಸ್ಟಿವಲ್ ಮುಗಿದ ಮೇಲೆ ಒಂದು ಇಂಟರ್‌ನೆಟ್ ರೇಡಿಯೋದವರು ಮಿಕ್ಸ್, ಅಂದರೆ ಹಾಡುಗಳನ್ನು ಒಂದಕ್ಕೊಂದು ಬೆಸೆದ ರೆಕಾರ್ಡಿಂಗ್, ಕೇಳಿದರು. "ಆ ಸೆಟ್ಟೇ ಕೊಡಿ, ಸಾಕು" ಅಂದರು. ನಾನು ಕೊಡಲಿಲ್ಲ. ಒಂದೂವರೆ ಗಂಟೆ ಬಯಲಿನಲ್ಲಿ ಸರಿಯಾಗಿದ್ದದ್ದು ಹೆಡ್‌ಫೋನ್‌ನಲ್ಲಿ ಸರಿಯಾಗಿ ಕೇಳುವುದಿಲ್ಲ. ತಮಟೆಯನ್ನು ಅಷ್ಟು ಹೊತ್ತು ಬಿಟ್ಟಿದ್ದು ಎದುರಿಗೆ ಜನ ಕುಣಿಯುತ್ತಿದ್ದರು ಅಂತ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳುವವರಿಗೆ ಆ ಕುಣಿತ ಕಾಣುವುದಿಲ್ಲ. ಅವರು ಒಬ್ಬರೇ ಇರುತ್ತಾರೆ. ಇಷ್ಟವಾದರೆ ಹಿಂದೆ ಹೋಗಿ ಮತ್ತೆ ಕೇಳುತ್ತಾರೆ. ಎರಡನೇ ಸಲ ಕೇಳಿದಾಗಲೂ ಏನಾದರೂ ಸಿಗಬೇಕು. ಸೆಟ್‌ನಲ್ಲಿ ನಾನು ಜಾಗ ಬಿಟ್ಟು ಹೋಗುತ್ತೇನೆ, ಆ ದಿನ ಬಂದವರು ತುಂಬುತ್ತಾರೆ ಅಂತ. ಮಿಕ್ಸ್‌ನಲ್ಲಿ ತುಂಬುವವರು ಬೇರೆ ಯಾರೂ ಇಲ್ಲ. ಪ್ರತಿ ನಿಮಿಷಕ್ಕೂ ನಾನೇ ಜವಾಬು.

ಒಂದು ಗಂಟೆಯ ಈ ಮಿಕ್ಸ್‌ಗೆ ಕ್ಯಾಸೆಟ್ ಕಾಲದ ಜನಪದ ಹಾಡುಗಳನ್ನು ಬೆನ್ನೆಲುಬಾಗಿ ಇಟ್ಟುಕೊಂಡೆ. ಎಂಬತ್ತರ, ತೊಂಬತ್ತರ ದಶಕದಲ್ಲಿ ನಮ್ಮ ಬಸ್ ನಿಲ್ದಾಣಗಳ ಅಂಗಡಿಗಳಲ್ಲಿ ಇವು ಸಾಲು ಸಾಲಾಗಿ ಸಿಗುತ್ತಿದ್ದವು. ಮನೆಯಲ್ಲಿ ಒಂದು ಪೆಟ್ಟಿಗೆ ತುಂಬ ಇವೆ. ಕ್ಯಾಸೆಟ್‌ನಿಂದ ಕಂಪ್ಯೂಟರ್‌ಗೆ ತರುವುದು ತಾಳ್ಮೆಯ ಕೆಲಸ. ಡೆಕ್‌ನ ಹೆಡ್ ಅನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಬೇಕು. ಪ್ರತಿ ಕ್ಯಾಸೆಟ್‌ಗೂ ಹೆಡ್‌ನ ಓರೆಯನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ, ತಾಳದ ಕಿಣಿಕಿಣಿ ಎಲ್ಲಿ ಸ್ಪಷ್ಟವಾಗುತ್ತದೋ ಅಲ್ಲಿ ನಿಲ್ಲಿಸಬೇಕು. ಸುಯ್ ಅನ್ನುವ ಟೇಪ್ ಸದ್ದನ್ನು ಪೂರ್ತಿ ತೆಗೆಯುವುದಿಲ್ಲ. ತೆಗೆದರೆ ಬಾಯಿಯ ಉಸಿರೂ ಹೋಗುತ್ತದೆ.

ಟೇಪಿನ ವೇಗ ಒಂದಕ್ಕೊಂದು ಹೊಂದುವುದಿಲ್ಲ. ಮುದ್ರಿಸಿದ ಯಂತ್ರ ಒಂಚೂರು ಜೋರಾಗಿ ಓಡಿದ್ದರೆ ಶ್ರುತಿ ಕೆಳಗೆ ಇಳಿದಿರುತ್ತದೆ. ಹಾರ್ಮೋನಿಯಂ ಇರುವ ಹಾಡಾದರೆ ಹಿಡಿಯುವುದು ಸುಲಭ. ಸ್ವರ ಎರಡು ಮನೆಗಳ ನಡುವೆ ಎಲ್ಲೋ ತೇಲುತ್ತಿದ್ದರೆ ವೇಗ ತಪ್ಪಿದೆ ಅಂತ ಅರ್ಥ. ಬಿಳಿ ಒಂದಕ್ಕೋ (ಹಾರ್ಮೋನಿಯಂನ ಮೊದಲ ಬಿಳಿ ಮನೆ, ಅಂದರೆ ಸಿ) ಕರಿ ಒಂದಕ್ಕೋ ಹತ್ತಿರ ಇರುವ ಕಡೆ ಎಳೆದು ಕೂರಿಸುತ್ತೇನೆ.

ಆಮೇಲೆ ಬರುವುದು ನನಗೆ ತುಂಬ ಖುಷಿ ಕೊಡುವ ಭಾಗ. ಡಿಜೆಗಳು ಹಾಡಿನ ಶ್ರುತಿ (ಕೀ) ಹೊಂದಿಸಲು ಕ್ಯಾಮೆಲಾಟ್ ಚಕ್ರ ಬಳಸುತ್ತಾರೆ. 1ರಿಂದ 12ರವರೆಗೆ ಅಂಕಿ. ಮೈನರ್ ಆದರೆ ಎ, ಮೇಜರ್ ಆದರೆ ಬಿ. 8ಎ ಹಾಡಿನಿಂದ 7ಎ, 9ಎ, 8ಬಿಗೆ ಹೋದರೆ ಕಿವಿಗೆ ಹಿತ. ನಮ್ಮ ಹಾಡುಗಳಿಗೆ ಇದು ಪೂರ್ತಿ ಸಾಲುವುದಿಲ್ಲ. ಬಿಳಿ ಒಂದರ ಶ್ರುತಿಯಲ್ಲಿ ಮೋಹನದ ಐದು ಸ್ವರ ಹಾಡಿದರೆ ಆ ಸ್ವರಗಳು ಸಿ, ಡಿ, ಇ, ಜಿ, ಎ. ಇವೇ ಐದು ಎ ಮೈನರ್‌ನಲ್ಲೂ ಬರುತ್ತವೆ. ಸಾಫ್ಟ್‌ವೇರ್ ಒಮ್ಮೆ 8ಬಿ (ಸಿ ಮೇಜರ್) ಅನ್ನುತ್ತದೆ, ಇನ್ನೊಮ್ಮೆ 8ಎ (ಎ ಮೈನರ್) ಅನ್ನುತ್ತದೆ. ಅದಕ್ಕೆ ಸ್ವರ ಕೇಳುತ್ತದೆ, ಷಡ್ಜ ಯಾವುದು ಅಂತ ಗೊತ್ತಾಗುವುದಿಲ್ಲ. ಅದು ನಾವೇ ಕಿವಿ ಕೊಟ್ಟು ಬರೆದುಕೊಳ್ಳಬೇಕು.

ಆದರೆ ಇದೇ ಒಂದು ದಾರಿಯನ್ನೂ ತೋರಿಸುತ್ತದೆ. ನಮ್ಮ ಸಂಗೀತದವರು ಗ್ರಹಭೇದ ಅನ್ನುತ್ತಾರೆ. ಮೋಹನದ ರಿಷಭವನ್ನೇ ಷಡ್ಜ ಮಾಡಿಕೊಂಡರೆ ಅವೇ ಐದು ಸ್ವರ ಮಧ್ಯಮಾವತಿ ಆಗುತ್ತವೆ. ಗಾಂಧಾರವನ್ನು ಮಾಡಿಕೊಂಡರೆ ಹಿಂದೋಳ. ಪಂಚಮವನ್ನು ಮಾಡಿಕೊಂಡರೆ ಶುದ್ಧ ಸಾವೇರಿ. ನನ್ನ ಪೆಟ್ಟಿಗೆಯಲ್ಲಿ ಬಿಳಿ ಒಂದರಲ್ಲಿ ಮೋಹನದ ಛಾಯೆಯ ಒಂದು ಹಾಡಿತ್ತು. ಬಿಳಿ ಎರಡರಲ್ಲಿ ಮಧ್ಯಮಾವತಿಯ ಒಂದು ಹಾಡಿತ್ತು. ಎರಡರಲ್ಲೂ ಇರುವುದು ಅವೇ ಐದು ಸ್ವರ! ಮೊದಲ ಹಾಡು ಮುಗಿಯುತ್ತಾ ಬಂದಾಗ ಅದರ ಅಡಿಯಲ್ಲಿ ಬಿಳಿ ಎರಡರ ತಂಬೂರಿಯನ್ನು ಬಹಳ ಮೆಲ್ಲಗೆ ತಂದೆ. ಎರಡು ನಿಮಿಷದಲ್ಲಿ ನೆಲ ಒಂದು ಬಿಳಿ ಮನೆ ಮೇಲೆ ಸರಿಯುತ್ತದೆ. ಯಾವ ಸ್ವರವೂ ಬದಲಾಗಿಲ್ಲ, ಆದರೂ ಎಲ್ಲ ಸ್ವರದ ಭಾವ ಬದಲಾಗಿದೆ. ಮಧ್ಯಮಾವತಿ ಮಂಗಳದ ರಾಗ, ಕಛೇರಿಯ ಕೊನೆಗೆ ಹಾಡುವುದು. ಅದಕ್ಕೆ ಆ ಹಾಡನ್ನೇ ಮಿಕ್ಸ್‌ನ ಕೊನೆಗೆ ಇಟ್ಟೆ. ಉಳಿದ ಹಾಡುಗಳ ಕ್ರಮವನ್ನು ಅಲ್ಲಿಂದ ಹಿಂದಕ್ಕೆ ಕಟ್ಟುತ್ತಾ ಬಂದೆ.

ಕ್ರಮವನ್ನು ಕಂಪ್ಯೂಟರ್‌ನಲ್ಲಿ ಕಟ್ಟಿದರೂ ರೆಕಾರ್ಡ್ ಮಾಡಿದ್ದು ಪ್ಲೇಯರ್ ಮೇಲೆ, ಕೈಯಿಂದಲೇ, ಒಂದೇ ಉಸಿರಿಗೆ. ಮೌಸ್‌ನಲ್ಲಿ ಎಳೆದ ಗೆರೆ ತೀರಾ ನೇರವಾಗಿರುತ್ತದೆ. ಕೈಯಲ್ಲಿ ಏರಿಸಿದ ಈಕ್ಯೂ ಹಾಡಿನ ಉಸಿರು ನೋಡಿ ಏರುತ್ತದೆ. ಕೇಳುವವರಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ ಅಂತ ನಾನು ನಂಬಿದ್ದೇನೆ. ಹಾಕುವ ಮೊದಲು ಹಕ್ಕಿನ ವಿಷಯವನ್ನೂ ನೋಡಿಕೊಂಡೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ಆ ಕ್ಯಾಸೆಟ್‌ಗಳಿಗೆಲ್ಲ ಇನ್ನೂ ಹಕ್ಕುದಾರರಿದ್ದಾರೆ. ಹಕ್ಕುದಾರರಿಗೆ ಹಣ ಸಲ್ಲಿಸುವ ವ್ಯವಸ್ಥೆ ಇರುವ ಕಡೆ ಮಾತ್ರ ಹಾಕಲು ಒಪ್ಪಿದೆ. ಕ್ಯಾಸೆಟ್‌ನ ಹೊದಿಕೆಯ ಮೇಲೆ ಗಾಯಕರ ಹೆಸರು ಇರುತ್ತದೆ, ವಾದ್ಯದವರದ್ದು ಬಹಳ ಸಲ ಇರುವುದಿಲ್ಲ. ಎಷ್ಟು ಹೆಸರು ಸಿಕ್ಕಿತೋ ಅಷ್ಟನ್ನೂ ಹಾಡಿನ ಪಟ್ಟಿಯಲ್ಲಿ ಬರೆದೆ.

ಹಾಕುವ ಮೊದಲು ಮಳವಳ್ಳಿಯ ತಾತನಿಗೆ ಕಳಿಸಿದೆ. ಮಿಕ್ಸ್‌ನ ನಡುವೆ ಅವರ ತಮಟೆಯೂ ಇದೆ, ಸೆಟ್‌ನಷ್ಟು ಉದ್ದ ಅಲ್ಲ, ಒಂದೂವರೆ ನಿಮಿಷ. ಮೊಮ್ಮಗನ ಫೋನಿನಲ್ಲಿ ಕೇಳಿ ಅವರೇ ಕರೆ ಮಾಡಿದರು. "ಎಲ್ಲಾ ಚಂದಾಗದೆ. ಕಡ್ಡಿ ಏಟೇ ಕೇಳ್ಸಲ್ವಲ್ಲವ್ವ" ಅಂದರು. ನನ್ನ ಸ್ಪೀಕರ್‌ನಲ್ಲಿ ಕೇಳುತ್ತಿತ್ತು. ಫೋನಿನ ಸ್ಪೀಕರ್‌ನಲ್ಲಿ ಹಾಕಿ ನೋಡಿದೆ. ಅದರಲ್ಲಿ ಬೇಸ್ ಬರುವುದೇ ಇಲ್ಲ, ನಡುವಿನ ಸದ್ದೆಲ್ಲ ಒಂದೇ ಕಡೆ ಒತ್ತಿಕೊಳ್ಳುತ್ತದೆ. ಕಡ್ಡಿಯ ಏಟು ಕೆಳಗೆ ಓಡುತ್ತಿದ್ದ ಹಾಡಿನ ಬಾಯಿಯ ಹಿಂದೆ ಅಡಗಿತ್ತು. ನಮ್ಮಲ್ಲಿ ಹೆಚ್ಚಿನವರು ಕೇಳುವುದು ಫೋನಿನಲ್ಲೇ ಅಲ್ವಾ? ತಮಟೆ ಬರುವ ಕಡೆ ಬಾಯಿ ಇಲ್ಲದ ಬೇರೆ ಹಾಡು ಇಟ್ಟೆ. ಕಡ್ಡಿಯ ಸದ್ದು ಇರುವ ಭಾಗವನ್ನು ಒಂಚೂರು ಎತ್ತಿದೆ. ಇಡೀ ಗಂಟೆಯನ್ನು ಮತ್ತೆ ಮೊದಲಿಂದ ರೆಕಾರ್ಡ್ ಮಾಡಿ ಕಳಿಸಿದೆ. "ಈಗ ಸರಿ ಹೋಯ್ತು ಕಣವ್ವ" ಅಂದ ಮೇಲೆ ರೇಡಿಯೋದವರಿಗೆ ಕೊಟ್ಟೆ.